ಹೊಸ ಶೂಟಿಂಗ್ ಜಾಕೆಟ್ ಹಾಕಿದ ಮೇಲೆ ಸ್ಕೋರ್ ಯಾಕೆ ಬಿತ್ತು?

"ಮೇಡಂ, ಹೊಸ ಜಾಕೆಟ್ ಬಂತು. ಹಾಕಿದ ದಿನದಿಂದ ಮಗಳ ಸ್ಕೋರ್ ಇಳೀತಾ ಇದೆ. ಜಾಕೆಟ್ ಸರಿ ಇಲ್ವಾ?"

ಹತ್ತು ಮೀಟರ್ ಏರ್ ರೈಫಲ್ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ತುಮಕೂರಿನವರು ಎದುರಿಗೆ ಸಿಕ್ಕಾಗ ಕೇಳುತ್ತಾರೆ. ಗುಬ್ಬಿ, ಕುಣಿಗಲ್, ತಿಪಟೂರು ಕಡೆಯವರು ಫೋನ್ ಮಾಡುತ್ತಾರೆ. ಎಷ್ಟೋ ತಿಂಗಳು ದುಡ್ಡು ಕೂಡಿಸಿ ತರಿಸಿದ ಜಾಕೆಟ್ ಅದು. ಅವರ ಗಾಬರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಒಂದು ಸಲ ವಿವರವಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನ ಉತ್ತರ ಇಷ್ಟೇ. ಮೊದಲ ಮೂರು ನಾಲ್ಕು ವಾರ ಸ್ಕೋರ್ ಬೀಳುವುದು ಸಹಜ, ಭಯಪಡಬೇಡಿ. ಆದರೆ ಅಷ್ಟರೊಳಗೆ ಜಾಕೆಟ್ ಅನ್ನು ಮಗುವಿನ ಪೊಸಿಷನ್‌ಗೆ, ಅಂದರೆ ರೈಫಲ್ ಹಿಡಿದು ನಿಲ್ಲುವ ಭಂಗಿಗೆ, ಹೊಂದಿಸಿಕೊಳ್ಳಬೇಕು. ಆ ಕೆಲಸ ಮಾಡದಿದ್ದರೆ ಮಗುವೇ ತನ್ನ ಪೊಸಿಷನ್ ಬದಲಿಸಿಕೊಂಡು ಜಾಕೆಟ್‌ಗೆ ಹೊಂದಿಕೊಳ್ಳುತ್ತದೆ. ಆಗ ನಿಜವಾಗಿ ಭಯಪಡಬೇಕು. ವರ್ಷಗಟ್ಟಲೆ ಕಲಿತದ್ದು ಹಾಳಾಗುವುದು ಹಾಗೆ.

ಮೊದಲು, ಜಾಕೆಟ್ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಏರ್ ರೈಫಲ್ 5.5 ಕೆ.ಜಿ. ತನಕ ತೂಗಬಹುದು. ಅದನ್ನು ಹಿಡಿದು ನಿಂತು 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಬಲಗೈ ಶೂಟರ್ ಆದರೆ ಎಡ ಸೊಂಟವನ್ನು ಗುರಿಯ ಕಡೆ ಕೊಟ್ಟು, ಸೊಂಟದಿಂದ ಮೇಲಿನ ಮೈಯನ್ನು ಹಿಂದಕ್ಕೆ ಬಾಗಿಸಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರುತ್ತಾರೆ. ರೈಫಲ್ಲಿನ ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು. ಆ ಬಾಗಿದ ಬೆನ್ನನ್ನು ಜಾಕೆಟ್ಟಿನ ಗಟ್ಟಿ ಕ್ಯಾನ್ವಾಸು ಒತ್ತಾಸೆಯಾಗಿ ಹಿಡಿದುಕೊಳ್ಳುತ್ತದೆ. ಎದೆಬಡಿತ ರೈಫಲ್‌ಗೆ ಹತ್ತುವುದನ್ನೂ ಸ್ವಲ್ಪ ತಡೆಯುತ್ತದೆ. ಭುಜದ ಮೇಲಿನ ರಬ್ಬರು ಬಟ್, ಅಂದರೆ ಭುಜಕ್ಕೆ ಒತ್ತುವ ರೈಫಲ್ಲಿನ ಹಿಂತುದಿ, ಜಾರದ ಹಾಗೆ ನೋಡಿಕೊಳ್ಳುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಆ ದಪ್ಪ ಜಾಕೆಟ್ ನೆನಪಿರಬಹುದು.

ಈಗ ನೋಡಿ, ನಾವು ಜಾಕೆಟ್ ನೋಡುವುದು ಎಲ್ಲಿ? ಕನ್ನಡಿ ಮುಂದೆ ನೆಟ್ಟಗೆ ನಿಂತು. ಅಲ್ಲೇ ತಪ್ಪುತ್ತದೆ. ನೆಟ್ಟಗೆ ನಿಂತಾಗ ಒಳ್ಳೆಯ ಜಾಕೆಟ್ ಕೂಡ ಸೆಟೆದುಕೊಂಡ ಹಾಗೆ ಕಾಣುತ್ತದೆ. ಬೆನ್ನಲ್ಲಿ ಉಬ್ಬಿರುತ್ತದೆ, ಮುಂದೆ ಸೊಟ್ಟಗಿರುತ್ತದೆ. ಪೊಸಿಷನ್ ತೆಗೆದುಕೊಂಡ ತಕ್ಷಣ ಎಲ್ಲಾ ಜಾಗಕ್ಕೆ ಬಂದು ಕೂರುತ್ತದೆ. ಇನ್ನು ಕೆಲವು ಜಾಕೆಟ್ ಕನ್ನಡಿಯಲ್ಲಿ ಮದುವೆ ಕೋಟಿನ ಹಾಗೆ ಚೆಂದ ಕಾಣುತ್ತವೆ. ಪೊಸಿಷನ್‌ನಲ್ಲಿ ನಿಂತರೆ ಕಾಲರ್ ಹೋಗಿ ದವಡೆಗೆ ತಾಗುತ್ತದೆ. ಹಾಗಾಗಿ ರೈಫಲ್ ಹಿಡಿದು ನಿಲ್ಲಿಸಿ, ಸುತ್ತ ತಿರುಗಿ ನೋಡಿ. ಪಕ್ಕದಿಂದ, ಹಿಂದಿನಿಂದ ಮೊಬೈಲಲ್ಲಿ ಫೋಟೋ ತೆಗೆಯಿರಿ.

ನಾನು ಮೊದಲು ನೋಡುವುದು ಎಡ ಸೊಂಟ. ಜಾಕೆಟ್ಟಿನ ಕೆಳಅಂಚು ಉದ್ದ ಜಾಸ್ತಿ ಇದ್ದರೆ, ಸೊಂಟ ಮುಂದೆ ಕೊಟ್ಟಾಗ ಅದು ಅಂಚನ್ನು ಮೇಲಕ್ಕೆ ನೂಕುತ್ತದೆ. ಇಡೀ ಜಾಕೆಟ್ ಒಂದು ಡಬ್ಬದ ಹಾಗೆ ಮೇಲೇರುತ್ತದೆ. ಭುಜ ಏರುತ್ತದೆ, ಕಾಲರ್ ಏರುತ್ತದೆ, ಕೆನ್ನೆ ಇಡುವ ಜಾಗ ಬದಲಾಗುತ್ತದೆ. ಮಗು ಹೇಳುವುದು ಮಾತ್ರ "ಸೈಟ್ ಕಾಣ್ತಿಲ್ಲ ಮಿಸ್" ಅಂತ. ನಾವು ಸೈಟ್ ಅನ್ನು, ಅಂದರೆ ರೈಫಲ್ ಮೇಲೆ ಗುರಿ ನೋಡುವ ಭಾಗವನ್ನು, ತಿರುಗಿಸುತ್ತಾ ಕೂರುತ್ತೇವೆ. ತೊಂದರೆ ಇರುವುದು ಒಂದೂವರೆ ಅಡಿ ಕೆಳಗೆ.

ನನ್ನ ಮೊದಲ ಜಾಕೆಟ್‌ಗೆ ಇದೇ ರೋಗ ಇತ್ತು. ಫೋನಲ್ಲಿ ಅಳತೆ ಹೇಳಿ ತರಿಸಿದ್ದು. ಟೇಪು ಹಿಡಿದವಳೂ ನಾನೇ. ವಾಪಸ್ ಕೊಡಲು ಹೋದರೆ ಮಾರಿದವರು ಒಪ್ಪಲಿಲ್ಲ. ಊರಿನ ಟೈಲರ್ ಹತ್ತಿರ ಹೋದೆ. ಮಾಮೂಲಿ ಮಿಷನ್ನಿನಲ್ಲಿ ಎರಡು ಸೂಜಿ ಮುರಿದವು. ಕೊನೆಗೆ ಬಿ.ಎಚ್. ರಸ್ತೆ ಹತ್ತಿರ ಆಟೋ, ಟ್ರ್ಯಾಕ್ಟರ್ ಸೀಟು ಹೊಲಿಯುವ ಅಣ್ಣನ ಬಳಿ ಹೋದೆ. ಅವರು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, "ಇದು ಯಾವ ಗಾಡೀದಕ್ಕಾ?" ಅಂದರು. ವಿಷಯ ಹೇಳಿದೆ. ಗಮನ ಕೊಟ್ಟು ಕೇಳಿಸಿಕೊಂಡರು.

ಅಂಚು ಎಲ್ಲಿ ಕತ್ತರಿಸಬೇಕು ಅಂತ ನಾನು ಮನೆಯಲ್ಲೇ ಪೊಸಿಷನ್‌ನಲ್ಲಿ ನಿಂತು, ತಂಗಿ ಕೈಲಿ ಚಾಕ್‌ಪೀಸಿನಿಂದ ಗೆರೆ ಎಳೆಸಿಕೊಂಡು ಹೋಗಿದ್ದೆ. ಎಡಗಡೆ ಎರಡು ಬೆರಳಗಲ, ಬಲಗಡೆಗೆ ಬರುತ್ತಾ ಕಮ್ಮಿ. ಅವರು ಬ್ಲೇಡಿನಲ್ಲಿ ಅಂಚಿನ ಪಟ್ಟಿಯ ಹೊಲಿಗೆ ಒಂದೊಂದೇ ಬಿಚ್ಚಿದರು. ಗೆರೆಯ ಮೇಲೆ ಕತ್ತರಿಸಿ, ಅದೇ ಪಟ್ಟಿಯನ್ನು ಮತ್ತೆ ಕೂರಿಸಿದರು. ದಪ್ಪ ಸೂಜಿ, ನೈಲಾನ್ ದಾರ, ಉದ್ದುದ್ದ ಹೊಲಿಗೆ. "ರಬ್ಬರ್ ಮೇಲೆ ಹೊಲಿಗೆ ಬೇಡ, ತೂತು ಬಿದ್ದ ಕಡೆಯಿಂದಾನೇ ಹರ್ಕೊಂಡು ಬರುತ್ತೆ" ಅಂದರು. ಆ ಮಾತು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಮನೆಗೆ ಬಂದು ಹಾಕಿಕೊಂಡು ನಿಂತೆ. ಕಾಲರ್ ದವಡೆಗೆ ತಾಗಲಿಲ್ಲ. ಮೊಣಕೈ ಸೊಂಟದ ಮೂಳೆಯ ಮೇಲೆ ಹೋಗಿ ಕೂತಿತು. ಅವತ್ತು ಆದ ಖುಷಿ ಇನ್ನೂ ನೆನಪಿದೆ.

ಆದರೆ ಕತ್ತರಿ ಹಿಡಿಯುವ ಮುಂಚೆ ನಿಯಮ ಗೊತ್ತಿರಬೇಕು. ಜಾಕೆಟ್ ಬಟ್ಟೆ ಲೈನಿಂಗ್ ಸೇರಿ ಒಂದು ಪದರಕ್ಕೆ 2.5 ಮಿಲಿಮೀಟರ್ ಮೀರಬಾರದು, ಎರಡು ಪದರಕ್ಕೆ 5. ಮೊಣಕೈ, ಭುಜದ ಹೊರಗಡೆಯ ಪಟ್ಟಿ ಇರುವಲ್ಲಿ ಎಲ್ಲಾ ಸೇರಿ 10ರ ತನಕ ಇರಬಹುದು. ಬಟ್ಟೆ ತೀರಾ ಗಟ್ಟಿಯೂ ಇರುವಂತಿಲ್ಲ. ಅಳೆಯುವ ಯಂತ್ರದಲ್ಲಿ ಭಾರ ಬಿಟ್ಟಾಗ ಕನಿಷ್ಠ 3 ಮಿಲಿಮೀಟರ್ ಬಗ್ಗಬೇಕು. ಗಟ್ಟಿ ಮಾಡಲೆಂದು ಒಳಗೆ ಪಟ್ಟಿ ಹಾಕಿಸುವುದು, ಸಾಲು ಸಾಲು ಹೊಲಿಗೆ ಹಾಕಿಸುವುದು ಮಾಡಬೇಡಿ. ಒಂದು ಸಲ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ, ಅಂದರೆ ಮ್ಯಾಚ್‌ನ ಸಲಕರಣೆ ತಪಾಸಣೆಯಲ್ಲಿ, ಪಾಸಾದ ಜಾಕೆಟ್‌ಗೆ ಆಮೇಲೆ ಏನೇ ಬದಲಾವಣೆ ಮಾಡಿದರೂ ಮತ್ತೆ ತೋರಿಸಲೇಬೇಕು. ಮ್ಯಾಚ್ ಮುಗಿದ ಮೇಲೆ ಪರೀಕ್ಷೆ ಮಾಡಿ ಸಿಕ್ಕಿಬಿದ್ದರೆ ಅನರ್ಹ.

ಎಲ್ಲಕ್ಕಿಂತ ಹೆಚ್ಚು ಮಕ್ಕಳು ಸಿಕ್ಕಿಬೀಳುವುದು ಗುಂಡಿ ವಿಷಯದಲ್ಲಿ. ಬಿಗಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ ಅಂತ ಗುಂಡಿಯನ್ನು ಹಿಂದಕ್ಕೆ ಸರಿಸಿ ಸರಿಸಿ ಜಾಕೆಟ್ಟನ್ನು ಕಟ್ಟುಪಟ್ಟಿ ಮಾಡಿಬಿಡುತ್ತಾರೆ. ನಿಯಮ ಹೇಳುವುದು ಜಾಕೆಟ್ ಸಡಿಲವಾಗಿ ಜೋತಿರಬೇಕು ಅಂತ. ಕೈ ಇಳಿಬಿಟ್ಟು ನಿಂತಾಗ, ಕಾಜ ಗುಂಡಿಯನ್ನು ದಾಟಿ ಇನ್ನೂ 70 ಮಿಲಿಮೀಟರ್, ಅಂದರೆ ಏಳು ಸೆಂಟಿಮೀಟರ್ ಮುಂದೆ ಬರಬೇಕು. ತಪಾಸಣೆಯಲ್ಲಿ 6ರಿಂದ 8 ಕೆ.ಜಿ. ಎಳೆತದಲ್ಲಿ ಇದನ್ನು ಅಳೆಯುತ್ತಾರೆ. ಮನೆಯಲ್ಲಿ ಒಬ್ಬರು ಎಳೆದು ಇನ್ನೊಬ್ಬರು ಸ್ಕೇಲ್ ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಮಧ್ಯಾಹ್ನ ಮುದ್ದೆ ಊಟ ಆದ ಮೇಲೆ ಒಂದು ಸಲ ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಬಿಗಿ ಜಾಕೆಟ್‌ನಲ್ಲಿ ಉಸಿರು ಪೂರ್ತಿ ಎಳೆದುಕೊಳ್ಳಲಿಕ್ಕೂ ಆಗುವುದಿಲ್ಲ. ಉಸಿರು ಸರಿಯಾಗಿ ಆಡದೆ ಗುರಿ ನಿಲ್ಲುತ್ತದಾ?

ಇದರ ಉಲ್ಟಾ ತಪ್ಪು ಅಪ್ಪ ಅಮ್ಮಂದಿರದ್ದು. "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ" ಅಂತ ಯೂನಿಫಾರಂ ಹೊಲಿಸುವ ಹಾಗೆ ಎರಡು ಸೈಜ್ ದೊಡ್ಡದು ತರುತ್ತಾರೆ. ದಯವಿಟ್ಟು ಬೇಡ. ದೊಡ್ಡ ಜಾಕೆಟ್‌ನಲ್ಲಿ ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿರುತ್ತದೆ. ಬಟ್ ಇಡುವ ಜಾಗದಲ್ಲಿ ಪ್ರತಿ ಸಲ ಹೊಸ ಮಡಿಕೆ ಬೀಳುತ್ತದೆ. ಒಂದು ಸಲ ಗುಂಡು ಹೊಡೆಯುವುದಕ್ಕೂ ಇನ್ನೊಂದು ಸಲಕ್ಕೂ ಬಟ್ ಒಂದೇ ಜಾಗಕ್ಕೆ ಬರುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ, ಬೆಳೆದುಬಿಟ್ಟ ಸೀನಿಯರ್ ಮಕ್ಕಳ ಜಾಕೆಟ್ ತಗೊಳ್ಳಿ. ಅದೇ ಮೈಕಟ್ಟಿನವರದು ಸಿಕ್ಕರೆ ಹೊಸದಕ್ಕಿಂತ ಅದೇ ವಾಸಿ. ಆಗಲೇ ಪಳಗಿರುತ್ತದೆ.

ಹೊಸದನ್ನು ಪಳಗಿಸುವುದು ಹೇಗೆ? ನಾನು ಹೇಳಿಕೊಡುವುದು ಸುಲಭ. ಮೊದಲ ವಾರ ಪೆಲೆಟ್ (ಏರ್ ರೈಫಲ್ ಗುಂಡು) ಇಲ್ಲ, ಗುರಿ ಇಲ್ಲ. ಖಾಲಿ ಬಿಳಿ ಗೋಡೆ ಮುಂದೆ ಹೋಲ್ಡಿಂಗ್, ಅಂದರೆ ಗುಂಡು ಹೊಡೆಯದೆ ರೈಫಲ್ ಹಿಡಿದು ನಿಲ್ಲುವುದು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಪೊಸಿಷನ್‌ಗೆ ಹೋಗುವುದು, ಬಿಡುವುದು, ಮತ್ತೆ ಹೋಗುವುದು. ಕ್ಯಾನ್ವಾಸು ನಿಮ್ಮ ಬಾಗನ್ನು ಕಲಿಯಬೇಕು. ಎಲ್ಲೆಲ್ಲಿ ಮಡಿಯಬೇಕೋ ಅಲ್ಲಲ್ಲೇ ಮಡಿಕೆ ಬೀಳಬೇಕು. ಅದಕ್ಕೇ ಜಾಕೆಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂರಬೇಡಿ, ಬಗ್ಗಿ ಶೂ ಕಟ್ಟಬೇಡಿ. ಬೇಡದ ಜಾಗದಲ್ಲಿ ಒಂದು ಸಲ ಮುರಿದ ಕ್ಯಾನ್ವಾಸು ಆಮೇಲೆ ಅಲ್ಲೇ ಮುರಿಯುತ್ತಾ ಹೋಗುತ್ತದೆ.

ಎರಡನೇ ವಾರದಿಂದ ಕಣ್ಣು ಮುಚ್ಚಿ ನೋಡುವ ಪರೀಕ್ಷೆ. ಗುರಿ ಹಿಡಿದು, ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಹಳೇ ಜಾಕೆಟ್‌ನಲ್ಲಿ ನಡುವೆ ನಿಲ್ಲುತ್ತಿದ್ದ ರೈಫಲ್ ಈಗ ಪಕ್ಕಕ್ಕೆ ನೋಡುತ್ತಿರುತ್ತದೆ. ಕೈಯಿಂದ ತಳ್ಳಿ ತರಬೇಡಿ. ಹಿಂದಿನ ಪಾದವನ್ನು ಚೂರು ಚೂರೇ ಸರಿಸಿ. ಬಟ್ಟಿನ ಎತ್ತರ, ಕೆನ್ನೆಪಟ್ಟಿ ಮುಟ್ಟುವುದೇನಿದ್ದರೂ ಆಮೇಲೆ, ಮೂರನೇ ವಾರದಲ್ಲಿ. ಒಂದು ಬದಲಿಸಿದರೆ ಎರಡು ದಿನ ಅದನ್ನೇ ಬಿಡಿ. ಏನೇನು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮ್ಯಾಚ್ ಹತ್ತಿರ ಇದ್ದರೆ ಹಳೇ ಜಾಕೆಟ್‌ನಲ್ಲೇ ಹೊಡೆಯಲಿ. ಈ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.

ನಮ್ಮ ಊರಿನ ಬೇಸಿಗೆಯ ಬಗ್ಗೆಯೂ ಹೇಳಬೇಕು. ಮಾರ್ಚ್ ಬಂತು ಅಂದರೆ ಹೆಂಚಿನ ಸೂರಿನ ಕೆಳಗೆ ಆ ಜಾಕೆಟ್ ಹಾಕಿ ನಿಲ್ಲುವುದು ಎಂಥ ಕಷ್ಟ ಅಂತ ಮಕ್ಕಳ ಮುಖ ನೋಡಿದರೆ ಗೊತ್ತಾಗುತ್ತದೆ. ಬೆವರು ಕುಡಿದ ಕ್ಯಾನ್ವಾಸು ಮೆತ್ತಗಾಗುತ್ತದೆ. ಒಳಗೆ ತೆಳು ಹತ್ತಿಯ ತುಂಬುತೋಳಿನ ಬನಿಯನ್ ಇರಲಿ, ಬದಲಿಸಲು ಇನ್ನೊಂದು ಇರಲಿ. ಅಭ್ಯಾಸ ಬೆಳಿಗ್ಗೆ ಏಳರೊಳಗೆ ಶುರುವಾಗಲಿ. ಚಳಿಗಾಲದಲ್ಲಿ ಒಳಗೆ ಸ್ವೆಟರ್ ತುರುಕಬೇಡಿ, ಮಾಡಿದ ಅಳತೆಯೆಲ್ಲಾ ನೀರುಪಾಲು. ಮುಗಿದ ಮೇಲೆ ಅಗಲವಾದ ಮರದ ಹ್ಯಾಂಗರ್‌ಗೆ ಹಾಕಿ ಫ್ಯಾನ್ ಕೆಳಗೆ ತೂಗುಹಾಕಿ. ಮೊಳೆಗೆ ಬೇಡ, ಬಿಸಿಲಿಗೆ ಬೇಡ, ವಾಷಿಂಗ್ ಮಿಷನ್ನಿಗಂತೂ ಬೇಡವೇ ಬೇಡ. ಬೆಂಗಳೂರಿಗೆ ಮ್ಯಾಚ್‌ಗೆ ಹೋಗುವಾಗ ಮಡಿಚಿ ಬಸ್ಸಿನ ಸೀಟಿನ ಕೆಳಗೆ ತಳ್ಳಬೇಡಿ. ಒಬ್ಬ ಹುಡುಗನ ಜಾಕೆಟ್‌ಗೆ ಹೀಗೆ ಬೆನ್ನ ನಡುವೆ ಅಡ್ಡ ಗೆರೆ ಬಿತ್ತು. ಆ ಗೆರೆ ಕೊನೆಗೂ ಹೋಗಲಿಲ್ಲ. ಬೆನ್ನಿಗೆ ಒತ್ತಾಸೆ ಬೇಕಾದದ್ದು ಸರಿಯಾಗಿ ಅಲ್ಲೇ ಇತ್ತು.

ಹೊಸದಾಗಿ ಅಳತೆ ಕೊಡುವವರು ಇದಿಷ್ಟು ಮಾಡಿ. ಟೇಪು ಇನ್ನೊಬ್ಬರು ಹಿಡಿಯಲಿ. ಎದೆ, ಸೊಂಟ, ಕತ್ತಿನ ಹಿಂದಿನ ಮೂಳೆಯಿಂದ ಕೆಳಗೆ ಬೆನ್ನಿನ ಉದ್ದ, ತೋಳಿನ ದಪ್ಪ, ಕೈ ಮಡಿಸಿ ಭುಜದಿಂದ ಮಣಿಕಟ್ಟಿನ ತನಕ. ಎಲ್ಲಾ ಎರಡೆರಡು ಸಲ ಅಳೆಯಿರಿ. ನನ್ನ ಹತ್ತಿರ ತೋರಿಸಲು ಬರುವವರು ಜಾಕೆಟ್ ಒಂದೇ ಹಿಡಿದುಕೊಂಡು ಬರಬೇಡಿ. ಶೂಟಿಂಗ್ ಪ್ಯಾಂಟು, ಶೂ, ಒಳಗೆ ಹಾಕುವ ಬನಿಯನ್ ಮೂರೂ ತನ್ನಿ. ಚಾಕ್‌ಪೀಸ್ ನನ್ನ ಹತ್ತಿರ ಇದೆ.