ಬಿಸಿ ಬಂಡೆ, ತಣ್ಣೀರು

ಬೆಳಿಗ್ಗೆ ಒಲೆಯಿಂದ ಇಳಿಸಿದ ಗಾಜಿನ ಮುಚ್ಚಳವನ್ನು ಹಾಗೇ ನಲ್ಲಿ ಕೆಳಗೆ ಹಿಡಿದೆ. ಟಪ್ ಅಂತ ಬಿರಿಯಿತು. ಅಂಚಿಂದ ನಡುವಿನವರೆಗೆ ಕೂದಲೆಳೆಯಂಥ ಒಂದು ಗೆರೆ.

ಆ ಗೆರೆ ನೋಡ್ತಾ ಲಿ ಬಿಂಗ್ ನೆನಪಾದ, ಹಳೇ ಚೀನಾದ ಛಿನ್ ರಾಜ್ಯದ ಅಧಿಕಾರಿ.

ಕ್ರಿ.ಪೂ. 256ರ ಸುಮಾರು, ಚೀನಾದ ಸಿಚುವಾನ್. ಬೆಟ್ಟದಿಂದ ಧುಮುಕಿ ಬರೋ ಮಿನ್ ನದಿ ಮಳೆಗಾಲದಲ್ಲಿ ಊರು ಮುಳುಗಿಸ್ತಿತ್ತು. ಆಚೆ ಚೆಂಗ್ಡು ಬಯಲಿಗೆ ನೀರು ಬೇಕು, ನಡುವೆ ಗುಡ್ಡ ಅಡ್ಡ. ಸಿಡಿಮದ್ದು ಇಲ್ಲದ ಕಾಲ. ಲಿ ಬಿಂಗ್‌ನ ಜನ ಬಂಡೆ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ತಣ್ಣೀರು ಸುರಿದು ಬಿರಿಸಿದರಂತೆ. ಮತ್ತೆ ಬೆಂಕಿ, ಮತ್ತೆ ನೀರು. ವರ್ಷಗಟ್ಟಲೆ. ಕೊನೆಗೆ ಸುಮಾರು 20 ಮೀಟರ್ ಅಗಲದ ಕಂಡಿ.

ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲಿಲ್ಲ. ಉದ್ದುದ್ದ ಬಿದಿರಿನ ಬುಟ್ಟಿ ಹೆಣೆದು, ಕಲ್ಲು ತುಂಬಿ, ಹೊಳೆ ನಡುವೆ ಮೀನಿನ ಬಾಯಿಯಂಥ ದಿಬ್ಬ ಮಾಡಿ ನೀರನ್ನು ಎರಡಾಗಿ ಸೀಳಿದರು. ಆ ಬಯಲಿನ ಬೆಳೆ ಛಿನ್ ರಾಜ್ಯದ ಕಣಜ ತುಂಬಿತು. ಕ್ರಿ.ಪೂ. 221ರಲ್ಲಿ ಅದೇ ರಾಜ್ಯ ಚೀನಾವನ್ನು ಒಂದು ಮಾಡಿತು.

ಎಲ್ಲರೂ ಮಹಾಗೋಡೆ ಅಂತಾರೆ. ನನಗೆ ಈ ಬುಟ್ಟಿಗಳೇ ದೊಡ್ಡವು.

ದುಜಿಯಾಂಗ್ಯಾನ್ ಅಂತ ಆ ಜಾಗದ ಹೆಸರು. ಅಲ್ಲಿನ ಕಂಡಿಯಲ್ಲಿ ಇವತ್ತೂ ನೀರು ಹರಿದು ಗದ್ದೆಗೆ ಹೋಗ್ತಿದೆ. ಮುಚ್ಚಳ ಎಸೆಯೋಕೆ ಇನ್ನೂ ಮನಸ್ಸು ಬಂದಿಲ್ಲ.