ನಾಲ್ಕು ವಾರ ತುಂಬುವವರೆಗೆ

17 ನವೆಂಬರ್ 2024, ಭಾನುವಾರ

ಐಸಿಯುನಲ್ಲಿರುವ ರೋಗಿಯೊಬ್ಬರಿಗೆ ನಿನ್ನೆ ಸಂಜೆ ಮತ್ತೊಮ್ಮೆ ಸಿಟಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದ ಕಲ್ಲಿನಿಂದ ಶುರುವಾದ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್‌ನ) ಉರಿಯೂತ. ಈಗ ಮೂರನೆಯ ವಾರ ನಡೆಯುತ್ತಿದೆ. ಮೇದೋಜೀರಕ ಗ್ರಂಥಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ರಕ್ತ ಹರಿಯುತ್ತಿಲ್ಲ, ರಕ್ತ ಹರಿಯುವ ಜಾಗ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧ ಕೊಟ್ಟ ಮೇಲೂ ಅಷ್ಟು ಜಾಗ ಮಂಕಾಗಿಯೇ ಉಳಿದಿದೆ. ಜಠರದ ಹಿಂದೆ ಕೊಳೆತ ಅಂಗಾಂಶವೂ ದ್ರವವೂ ಕೂಡಿದ ದೊಡ್ಡ ಶೇಖರಣೆಯಿದ್ದು, ಅದು ಎಡ ಮೂತ್ರಪಿಂಡದ ಕಡೆಗೆ ಚಾಚಿದೆ. ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಕಾಣಿಸಿಕೊಂಡಿವೆ. ಗಾಳಿಗುಳ್ಳೆ ಕಂಡರೆ ಸತ್ತ ಅಂಗಾಂಶಕ್ಕೆ ಸೋಂಕು ತಗುಲಿದೆ ಎಂದೇ ನಾವು ಎಣಿಸುತ್ತೇವೆ. ಜ್ವರ ಮತ್ತೆ ಏರಿದೆ. ಆದರೆ ರಕ್ತದೊತ್ತಡ ಕುಸಿದಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿದೆ, ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಗಿಲ್ಲ.

ರೋಗಿಯ ಅಣ್ಣ ಇಂದು ಬೆಳಗ್ಗೆ ಕೇಳಿದರು: "ಒಳಗೆ ಕೀವಾಗಿದೆ ಅಂತ ನೀವೇ ಹೇಳ್ತಿದೀರಲ್ಲ ಸಾರ್, ಮತ್ತೆ ಆಪರೇಷನ್ ಮಾಡೋಕೆ ಯಾಕೆ ತಡ?" ನ್ಯಾಯವಾದ ಪ್ರಶ್ನೆ. ಕೀವು ಕಟ್ಟಿದರೆ ಕೂಡಲೇ ಹೊರಗೆ ಬಿಡಬೇಕು ಎಂಬುದನ್ನು ಶಸ್ತ್ರವೈದ್ಯರೆಲ್ಲರೂ ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಈ ಒಂದು ಕಾಯಿಲೆಯಲ್ಲಿ ಆ ಪಾಠವನ್ನು ತಡೆಹಿಡಿಯಬೇಕಾಗುತ್ತದೆ ಎಂಬುದನ್ನು ಅವರಿಗೆ ಕುಳಿತು ವಿವರಿಸಿದೆ, ಇಲ್ಲಿಯೂ ಬರೆದಿಡುತ್ತಿದ್ದೇನೆ.

ಮೊದಲ ವಾರಗಳಲ್ಲಿ ಸತ್ತ ಅಂಗಾಂಶ ಯಾವುದು, ಬದುಕಿರುವುದು ಯಾವುದು ಎಂಬ ಗೆರೆ ಇನ್ನೂ ಮೂಡಿರುವುದಿಲ್ಲ. ಎಲ್ಲವೂ ಹಸಿಯಾಗಿ, ಊದಿಕೊಂಡು, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕೈ ಹಾಕಿ ಬಿಡಿಸಲು ಹೋದರೆ ಗುಲ್ಮದ ರಕ್ತನಾಳವೋ ದೊಡ್ಡ ಕರುಳೋ ಹರಿಯುವ ಅಪಾಯವಿದೆ. ಸುಮಾರು ನಾಲ್ಕು ವಾರ ಕಳೆಯುವಷ್ಟರಲ್ಲಿ ದೇಹವೇ ಆ ಕೊಳೆತ ಭಾಗದ ಸುತ್ತ ನಾರಿನ ಗೋಡೆಯೊಂದನ್ನು ಕಟ್ಟಿಕೊಳ್ಳುತ್ತದೆ, ಒಳಗಿರುವುದು ಅರೆಬರೆ ಕರಗಿ ಸಡಿಲವಾಗುತ್ತದೆ. ಆ ಗೋಡೆ ನಮಗೆ ಬೇಕು. ಹಸಿ ಗೋಡೆಗೆ ಹೊಡೆದ ಮೊಳೆ ನಿಲ್ಲದ ಹಾಗೆ, ಗೋಡೆ ಬಲಿಯುವ ಮೊದಲು ಕೀವು ಬಿಡಲು ಇಟ್ಟ ಸ್ಟೆಂಟ್ ಎಂಬ ಕೊಳವೆ ಕೂಡ ಭದ್ರವಾಗಿ ಕೂರುವ ಭರವಸೆಯಿಲ್ಲ.

ಹಿಂದೆ ಇಂಥ ರೋಗಿಗಳ ಹೊಟ್ಟೆಯನ್ನು ಉದ್ದಕ್ಕೆ ತೆರೆದು ಕೊಳೆತದ್ದನ್ನೆಲ್ಲ ತೆಗೆಯುವುದೇ ರೂಢಿಯಾಗಿತ್ತು. ಅದನ್ನು ಬದಲಿಸಿದ ಕೀರ್ತಿ ಬಹುಮಟ್ಟಿಗೆ ನೆದರ್ಲೆಂಡ್ಸ್‌ನ ವೈದ್ಯರಿಗೆ ಸಲ್ಲಬೇಕು. 2010ರಲ್ಲಿ ಪ್ರಕಟವಾದ ಅವರ ಪ್ಯಾಂಟರ್ ಅಧ್ಯಯನದಲ್ಲಿ 88 ರೋಗಿಗಳಿದ್ದರು. ನೇರವಾಗಿ ಹೊಟ್ಟೆ ತೆರೆದ ಗುಂಪಿನಲ್ಲಿ ಶೇ. 69 ಮಂದಿಗೆ ಗಂಭೀರ ತೊಡಕು ಅಥವಾ ಸಾವು ಸಂಭವಿಸಿದರೆ, ಮೊದಲು ಡ್ರೈನ್ (ಕೀವನ್ನು ಹೊರಗೆ ಹರಿಸುವ ಕೊಳವೆ) ಹಾಕಿ, ಸಾಲದಿದ್ದರೆ ಮಾತ್ರ ಸಣ್ಣ ರಂಧ್ರದ ಮೂಲಕ ಶಸ್ತ್ರಚಿಕಿತ್ಸೆಗೆ ಹೋದ ಗುಂಪಿನಲ್ಲಿ ಅದು ಶೇ. 40ಕ್ಕೆ ಇಳಿಯಿತು. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಇನ್ನೊಂದು ಅಂಕಿ: ಈ ಎರಡನೆಯ ಗುಂಪಿನ ಶೇ. 35 ಮಂದಿಗೆ ಡ್ರೈನ್ ಒಂದೇ ಸಾಕಾಯಿತು. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ಜಠರಕ್ಕೆ ಇಳಿಸುವ, ಅಲ್ಟ್ರಾಸೌಂಡ್ ಇರುವ ಕ್ಯಾಮೆರಾ ನಳಿಕೆ) ಇಲ್ಲದ ಊರುಗಳೇ ಹೆಚ್ಚಿರುವ ನಮ್ಮ ಕಡೆ, ಸ್ಕ್ಯಾನ್ ನೋಡಿಕೊಂಡು ಎಡ ಪಕ್ಕೆಯಿಂದ ಹಾಕುವ ಒಂದು ಡ್ರೈನ್, ಅದನ್ನು ದಿನವೂ ಸಲೈನ್‌ನಿಂದ ತೊಳೆಯುವ ಒಬ್ಬ ನರ್ಸ್, ಇಷ್ಟರಿಂದಲೇ ಜೀವ ಉಳಿಯಬಹುದು ಎಂಬುದು ಸಣ್ಣ ಮಾತೇನಲ್ಲ.

ಕಾಯುವ ವಿಚಾರಕ್ಕೆ ನೇರ ಉತ್ತರ ಸಿಕ್ಕಿದ್ದು 2021ರ ಪಾಯಿಂಟರ್ ಅಧ್ಯಯನದಲ್ಲಿ. ಸೋಂಕು ಖಚಿತವಾದ 24 ಗಂಟೆಯೊಳಗೆ ಡ್ರೈನ್ ಹಾಕಿದರೂ, ಗೋಡೆ ಬಲಿಯುವವರೆಗೆ ಆಂಟಿಬಯಾಟಿಕ್ ಮೇಲೆ ಕಾದರೂ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, ಕಾದ ಗುಂಪಿನ ಶೇ. 39 ಮಂದಿಗೆ ಡ್ರೈನ್ ಕೂಡ ಬೇಕಾಗಲಿಲ್ಲ. ಇದನ್ನು ಹೇಳಿದಾಗ ಆ ಅಣ್ಣನ ಮುಖ ಕೊಂಚ ಸಡಿಲವಾಯಿತು.

ಹೊಟ್ಟೆ ಕೊಯ್ಯದೆ ಜಠರದೊಳಗಿನಿಂದಲೇ ಕೊಳೆತದ್ದನ್ನು ತೆಗೆಯುವ ದಾರಿಯನ್ನು ನಾನು ಶಸ್ತ್ರವೈದ್ಯನಾಗಿದ್ದೂ ಮನಸಾರೆ ಮೆಚ್ಚುತ್ತೇನೆ. ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪ್‌ನಿಂದ ನಡುವೆ ರಕ್ತನಾಳ ಇಲ್ಲದ ಜಾಗ ಹುಡುಕಿ, ಜಠರದ ಹಿಂಗೋಡೆಯನ್ನೂ ಶೇಖರಣೆಯ ಗೋಡೆಯನ್ನೂ ಜೋಡಿಸುವ ಅಗಲವಾದ ಲೋಹದ ಸ್ಟೆಂಟ್ ಇಡುತ್ತಾರೆ. ಅದು ಬಿಚ್ಚಿಕೊಂಡ ಕ್ಷಣದಲ್ಲೇ ಕೀವು ಜಠರದೊಳಕ್ಕೆ ನುಗ್ಗುವುದು ಪರದೆಯ ಮೇಲೆ ಕಾಣುತ್ತದೆ. ಅಷ್ಟಕ್ಕೇ ಜ್ವರ ಇಳಿಯದಿದ್ದರೆ ಸ್ಕೋಪನ್ನು ಸ್ಟೆಂಟ್ ಮೂಲಕ ಒಳಗಿಳಿಸಿ, ಕುಣಿಕೆಯಿಂದ ಹಿಡಿದು ಒಂದೊಂದೇ ತುಂಡನ್ನು ಎಳೆದು ಜಠರಕ್ಕೆ ಬಿಡಬೇಕು. ಬೂದುಗಪ್ಪು ಬಣ್ಣದ, ಜಾರುವ, ಕುಣಿಕೆಯಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳುವ ತುಂಡುಗಳು; ಗಂಟೆಗಟ್ಟಲೆ ತಾಳ್ಮೆ ಬೇಡುವ ಕೆಲಸ. ರಕ್ತನಾಳಕ್ಕೆ ಗಾಳಿ ಸೇರುವ ಅಪಾಯವಿರುವುದರಿಂದ ಉಬ್ಬಿಸಲು ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡನ್ನೇ ಬಳಸಬೇಕು. ಶೇಖರಣೆ ಕುಗ್ಗಿದ ಮೇಲೂ ಸ್ಟೆಂಟ್ ಅಲ್ಲೇ ಉಳಿದರೆ ಅದರ ಅಂಚು ಹಿಂದಿನ ರಕ್ತನಾಳಕ್ಕೆ ಉಜ್ಜಿ ಭಾರೀ ರಕ್ತಸ್ರಾವವಾಗಬಹುದು. ಆದ್ದರಿಂದ ಸ್ಟೆಂಟ್ ಇಟ್ಟ ಮೂರು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿ, ನಾಲ್ಕು ವಾರದೊಳಗೆ ತೆಗೆಯುವುದು ಒಳ್ಳೆಯದು. ರೋಗಿ ಹುಷಾರಾಗಿ ಊರಿಗೆ ಹೋದ ಮೇಲೆ ಈ ತಾರೀಖು ಮರೆತುಹೋಗಬಾರದು ಎಂಬುದೇ ನನ್ನ ದೊಡ್ಡ ಆತಂಕ.

2018ರ ಟೆನ್ಷನ್ ಅಧ್ಯಯನದಲ್ಲಿ ಎಂಡೋಸ್ಕೋಪಿ ಮತ್ತು ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಗಳ ನಡುವೆ ಸಾವು ಮತ್ತು ಗಂಭೀರ ತೊಡಕುಗಳು ಹೆಚ್ಚುಕಡಿಮೆ ಸಮನಾಗಿದ್ದವು. ಆದರೆ ಪ್ಯಾಂಕ್ರಿಯಾಸ್‌ನ ರಸ ಹೊರಕ್ಕೆ ಸೋರುವ ಫಿಸ್ಟುಲಾ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 32 ಇದ್ದದ್ದು ಎಂಡೋಸ್ಕೋಪಿ ಗುಂಪಿನಲ್ಲಿ ಶೇ. 5ಕ್ಕೆ ಇಳಿದಿತ್ತು. ತಿಂಗಳುಗಟ್ಟಲೆ ಪಕ್ಕೆಗೆ ಚೀಲ ಕಟ್ಟಿಕೊಂಡು, ಸುಟ್ಟಂತಾದ ಚರ್ಮದೊಂದಿಗೆ ಓಪಿಡಿಗೆ ಬರುವವರನ್ನು ನೋಡಿದವರಿಗೆ ಈ ಅಂಕಿಯ ಬೆಲೆ ಗೊತ್ತು. ಹಾಗೆಂದು ಎಲ್ಲವನ್ನೂ ಜಠರದಿಂದ ತಲುಪಲಾಗದು. ನಮ್ಮ ರೋಗಿಯ ಶೇಖರಣೆ ಮೂತ್ರಪಿಂಡದ ಪಕ್ಕದಲ್ಲಿ ಇನ್ನೂ ಕೆಳಗಿಳಿದರೆ ಪಕ್ಕೆಯಿಂದಲೂ ಡ್ರೈನ್ ಬೇಕಾಗುತ್ತದೆ, ಅಗತ್ಯಬಿದ್ದರೆ ಅದೇ ಡ್ರೈನ್ ಹಿಡಿದು ಕ್ಯಾಮೆರಾ ಸಹಾಯದಿಂದ ಹಿಂಬದಿಯಿಂದ ಒಳಹೋಗಬೇಕಾಗುತ್ತದೆ. ಯಾವ ವಿಭಾಗದವರು ಮಾಡಬೇಕು ಎಂಬ ಹಗ್ಗಜಗ್ಗಾಟ ಇಲ್ಲಿ ಸಲ್ಲದು. ಶೇಖರಣೆ ಎಲ್ಲಿದೆ ಎಂಬುದೇ ದಾರಿಯನ್ನು ತೀರ್ಮಾನಿಸಬೇಕು.

ಸದ್ಯಕ್ಕೆ ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಶುರುಮಾಡಿದ್ದೇವೆ. ಮೂಗಿನ ನಳಿಕೆಯಿಂದ ಆಹಾರ ಎಂದಿನಂತೆ ಹೋಗುತ್ತಿದೆ, ಅದನ್ನು ನಿಲ್ಲಿಸುವುದಿಲ್ಲ. ಕರುಳಿಗೆ ಆಹಾರ ಹೋದರೆ ಸೋಂಕು ಕಡಿಮೆ, ರಕ್ತನಾಳದಿಂದ ಕೊಡುವುದಕ್ಕಿಂತ ಇದು ಮೇಲು. ಪಿತ್ತಕೋಶವನ್ನು ತೆಗೆಯುವುದು ಈ ಉರಿಯೂತವೆಲ್ಲ ಅಡಗಿದ ಮೇಲೆಯೇ. ರಾತ್ರಿ ಪಾಳಿಯ ವೈದ್ಯರಿಗೆ ಸ್ಪಷ್ಟವಾಗಿ ಬರೆದುಕೊಟ್ಟು ಬಂದಿದ್ದೇನೆ: ರಕ್ತದೊತ್ತಡ ಇಳಿದರೆ, ಮೂತ್ರ ಕಡಿಮೆಯಾದರೆ, ಉಸಿರು ಏರಿದರೆ ನಾಲ್ಕು ವಾರದ ಲೆಕ್ಕ ಬಿಟ್ಟು ರೇಡಿಯಾಲಜಿಯವರನ್ನು ಎಬ್ಬಿಸಿ, ಎಡ ಪಕ್ಕೆಯಿಂದ ಡ್ರೈನ್ ಹಾಕಿಸಿ, ನನಗೆ ಫೋನ್ ಮಾಡಿ.