ಬ್ಯಾಟರಿಯಲ್ಲಿ 12.61, ಎಲ್‌ಸಿಡಿಯಲ್ಲಿ 11.92

ಮನೆಯ ಯುಪಿಎಸ್ ಬ್ಯಾಟರಿ ಎಷ್ಟು ಉಳಿದಿದೆ ಅಂತ ಗೋಡೆ ಮೇಲೆ ತೋರಿಸುವ ಒಂದು ಪುಟ್ಟ ಮೀಟರ್ ಮಾಡುತ್ತಿದ್ದೇನೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಆರ್ಡುಯಿನೊ ನ್ಯಾನೊ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಅಂಕಿ ತೋರಿಸೋಕೆ ಒಂದು ಎಲ್‌ಸಿಡಿ, ವೋಲ್ಟೇಜ್ ಅಳೆಯೋಕೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಎಡಿಎಸ್1115 ಬೋರ್ಡು. ನ್ಯಾನೊ ಒಳಗೇ 10 ಬಿಟ್‌ನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಇದೆ ನಿಜ. ಆದರೆ ಅದು ಸಾಮಾನ್ಯವಾಗಿ ತನಗೆ ಬರುವ 5 ವೋಲ್ಟನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ನ್ಯಾನೊಗೆ ಕರೆಂಟ್ ಕೊಡುವ ಮೊಬೈಲ್ ಚಾರ್ಜರ್ ಬದಲಾಯಿಸಿದರೆ ರೀಡಿಂಗೂ ಬದಲಾಗುತ್ತದೆ. ಎಡಿಎಸ್1115 ಕೂಡ ಎಡಿಸಿಯೇ, ಆದರೆ ಅದಕ್ಕೆ ಒಳಗೇ ಸ್ವಂತ ರೆಫರೆನ್ಸ್ (ಅಳತೆಗೋಲು) ಇದೆ, 16 ಬಿಟ್ ಬೇರೆ. ಅದಕ್ಕೇ ತಂದಿದ್ದು.

ಶನಿವಾರ

ಬ್ಯಾಟರಿಯ ವೋಲ್ಟೇಜನ್ನು ನೇರವಾಗಿ ಕೊಡೋ ಹಾಗಿಲ್ಲ. 1 ಮೆಗಾಓಮ್ ಮತ್ತು 330 ಕಿಲೋಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ ವೋಲ್ಟೇಜ್ ತಗ್ಗಿಸುವ ಡಿವೈಡರ್ ಹಾಕಿದೆ. ನಡುವೆ ಬಂದದ್ದನ್ನು 4.03ರಿಂದ ಗುಣಿಸಿದರೆ ಬ್ಯಾಟರಿಯ ವೋಲ್ಟೇಜ್. ಬ್ಯಾಟರಿಯಿಂದ ಬರುವ ವೈರಿಗೆ, ಬ್ಯಾಟರಿ ತುದಿಯಲ್ಲೇ, ಒಂದು ಸಣ್ಣ ಫ್ಯೂಸ್. ಇದನ್ನು ಮಾತ್ರ ಯಾರೂ ಬಿಡಬೇಡಿ. ಇಷ್ಟು ದೊಡ್ಡ ಬ್ಯಾಟರಿ ಶಾರ್ಟ್ ಆದರೆ ವೈರು ಕೆಂಪಗೆ ಕಾದು ಉರಿಯುತ್ತದೆ.

ಆನ್ ಮಾಡಿದರೆ 8.25. ಚಾರ್ಜಿಂಗ್ ಹಾಕಿದರೂ 8.25, ತೆಗೆದರೂ 8.25. ಎಡಿಸಿಯ ಕಚ್ಚಾ ಅಂಕಿ ನೋಡಿದೆ, 32767. ಅದು ಕೊಡಬಲ್ಲ ಅತಿ ದೊಡ್ಡ ಅಂಕಿಯೇ ಅಷ್ಟು. ಅಲ್ಲಿಗೆ ಗೊತ್ತಾಯಿತು. ಈ ಚಿಪ್ ಆನ್ ಆದಾಗ ಪ್ಲಸ್ ಮೈನಸ್ 2.048 ವೋಲ್ಟ್ ರೇಂಜಿನಲ್ಲಿರುತ್ತದೆ. ನಾನು ಲೈಬ್ರರಿ (ಸಿದ್ಧ ಕೋಡ್) ಬಳಸದೆ ಚಿಪ್ಪಿನ ಸೆಟ್ಟಿಂಗ್ ಇರುವ ರಿಜಿಸ್ಟರಿಗೆ ನೇರ ಬರೆಯುತ್ತಿದ್ದೆ, ರೇಂಜ್ ಆರಿಸುವ ಗೇನ್ ಬಿಟ್‌ಗಳನ್ನು ಮುಟ್ಟಿರಲಿಲ್ಲ. ಅವನ್ನು 010ರಿಂದ 001 ಮಾಡಿದೆ. ರೇಂಜು 4.096 ಆಯಿತು, ಒಂದೊಂದು ಹೆಜ್ಜೆಗೆ 125 ಮೈಕ್ರೋವೋಲ್ಟ್. ಅಂಕಿ ಅಲುಗಾಡತೊಡಗಿತು. ಬಹಳ ಖುಷಿಯಾಯಿತು.

ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ 11.92. ರಾತ್ರಿಯೆಲ್ಲ ಚಾರ್ಜಿಂಗ್ ತೆಗೆದು, ಲೋಡ್ ಇಲ್ಲದೆ ಬಿಟ್ಟಿದ್ದೆ. ಲೆಡ್ ಆಸಿಡ್ ಬ್ಯಾಟರಿ ಹಾಗೆ ಬಿಟ್ಟಾಗ 12.6 ಇದ್ದರೆ ಫುಲ್, 11.9 ಅಂದರೆ ಹೆಚ್ಚುಕಮ್ಮಿ ಖಾಲಿ. ಬ್ಯಾಟರಿ ಹೋಯಿತಾ ಅಂತ ಎದೆ ಧಸಕ್ಕೆಂದಿತು. ಮಲ್ಟಿಮೀಟರ್ ತಂದು ಟರ್ಮಿನಲ್ಲಿಗೇ ಇಟ್ಟೆ. 12.61. ಅಂದರೆ ಬ್ಯಾಟರಿ ಚೆನ್ನಾಗಿದೆ, ನನ್ನ ಅಳತೆಯೇ ತಪ್ಪು.

ಮಲ್ಟಿಮೀಟರಿನ ಕೆಂಪು ಪ್ರೋಬನ್ನು ಡಿವೈಡರಿನ ನಡುವಿಗೆ ಇಟ್ಟೆ. ಲೆಕ್ಕದ ಪ್ರಕಾರ 3.13 ಬರಬೇಕು. ಮೀಟರ್ ತೋರಿಸಿದ್ದು 2.89. ಎಲ್‌ಸಿಡಿಯಲ್ಲೂ ಎಡಿಸಿಯ ಅಳತೆ 2.89. ಎರಡೂ ಒಂದೇ ಹೇಳುತ್ತಿವೆ, ಹಾಗಾದರೆ ಎಡಿಸಿ ಸರಿ, ರೆಸಿಸ್ಟರೇ ಕೆಟ್ಟಿದೆ ಅಂದುಕೊಂಡೆ. ಎರಡನ್ನೂ ಬಿಚ್ಚಿ ಅಳೆದೆ. ಸರಿಯಾಗೇ ಇದ್ದವು. ವಾಪಸ್ ಬೆಸುಗೆ ಹಾಕಿದೆ. ಮತ್ತೆ 2.89. ಅಂಕಿ ಸ್ವಲ್ಪ ಕುಣಿಯುತ್ತಿತ್ತು ಅಂತ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ನಡುವಿನಿಂದ ಗ್ರೌಂಡಿಗೆ ಹಾಕಿದೆ. ಕುಣಿತ ನಿಂತಿತು, ಅಂಕಿ ಮೇಲೇರಲಿಲ್ಲ. ಊಟದ ಹೊತ್ತು ಮೀರಿತ್ತು.

ಎದ್ದು ಹೋಗೋಣ ಅಂತ ಪ್ರೋಬ್ ತೆಗೆದೆ. ಕಣ್ಣು ಇನ್ನೂ ಎಲ್‌ಸಿಡಿ ಮೇಲೇ ಇತ್ತು. 2.89 ಇದ್ದದ್ದು 2.96 ಆಯಿತು. ಪ್ರೋಬ್ ಮುಟ್ಟಿಸಿದೆ, 2.89. ತೆಗೆದೆ, 2.96. ಹತ್ತು ಸಲ ಮಾಡಿ ನೋಡಿದೆ, ಹತ್ತು ಸಲವೂ ಅದೇ.

ನನ್ನ ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ನಡುವಿನ ಜಾಗದಿಂದ ನೋಡಿದರೆ ನನ್ನ ಡಿವೈಡರಿನ ರೆಸಿಸ್ಟೆನ್ಸ್ ಸುಮಾರು 248 ಕಿಲೋಓಮ್. ಮೀಟರ್ ಮುಟ್ಟಿದ ಕೂಡಲೇ ಅದೂ 330ರ ಪಕ್ಕದಲ್ಲಿ ಇನ್ನೊಂದು ರೆಸಿಸ್ಟರ್ ಆಗಿ ಕೂರುತ್ತದೆ, ವೋಲ್ಟೇಜನ್ನು ಕೆಳಗೆಳೆಯುತ್ತದೆ. ಮೀಟರ್ ಎಳೆಯೋದಾದರೆ ಎಡಿಸಿಯೂ ಎಳೆಯಬೇಕು ಅಲ್ವಾ? ಡೇಟಾಶೀಟ್ ತೆಗೆದೆ. 4.096 ರೇಂಜಿನಲ್ಲಿ ಇನ್‌ಪುಟ್‌ನಿಂದ ಗ್ರೌಂಡಿಗೆ (ಕಾಮನ್ ಮೋಡ್) 6 ಮೆಗಾಓಮ್, ಎರಡು ಇನ್‌ಪುಟ್‌ಗಳ ನಡುವೆ (ಡಿಫರೆನ್ಷಿಯಲ್) 15. ಒಂದು ತುದಿ ಗ್ರೌಂಡ್ ಆದಾಗ ಎರಡೂ ಪಕ್ಕಪಕ್ಕ, ಅಂದರೆ ಸುಮಾರು 4.3 ಮೆಗಾಓಮ್. ಲೆಕ್ಕ ಹಾಕಿದರೆ 3.13 ಇರಬೇಕಾದದ್ದು 2.96ಕ್ಕೆ ಇಳಿಯುತ್ತದೆ. ಮೀಟರೂ ಸೇರಿದರೆ 2.89. ಪುಸ್ತಕದ ಲೆಕ್ಕ ಮತ್ತು ಎಲ್‌ಸಿಡಿ ಅಂಕಿ ಹೀಗೆ ಕೂಡಿಕೊಂಡಾಗ ಆಗುವ ಸಂತೋಷವೇ ಬೇರೆ. ಎರಡೂ 2.89 ಅಂದಾಗ ಎರಡೂ ನಿಜವನ್ನೇ ಹೇಳುತ್ತಿದ್ದವು. ಅಲ್ಲಿ ಆಗ ಇದ್ದದ್ದೇ ಅಷ್ಟು.

ಬುಧವಾರ

ರೆಸಿಸ್ಟರ್ ಬದಲಾಯಿಸಿದೆ. 33 ಕಿಲೋಓಮ್ ಮತ್ತು 10 ಕಿಲೋಓಮ್, ಎರಡೂ ಒಂದು ಪರ್ಸೆಂಟಿನ ಮೆಟಲ್ ಫಿಲ್ಮ್. ಮೊದಲು ಮೆಗಾಓಮ್ ಹಾಕಿದ್ದು ಬ್ಯಾಟರಿ ಸುಮ್ನೆ ಸೋರಬಾರದು ಅಂತ. ಈಗ ಸದಾ 0.29 ಮಿಲಿಆಂಪ್ ಹರಿಯುತ್ತದೆ. ವರ್ಷಕ್ಕೆ ಎರಡೂವರೆ ಎಎಚ್ ಚಿಲ್ಲರೆ. 150 ಎಎಚ್ ಬ್ಯಾಟರಿಗೆ ಅದೇನೂ ಜಾಸ್ತಿ ಅಲ್ಲ. ಸಣ್ಣ ಬ್ಯಾಟರಿ ಆಗಿದ್ದರೆ ಮೆಗಾಓಮ್ ಹಾಗೇ ಇಟ್ಟು ಡಿವೈಡರ್ ಮತ್ತು ಎಡಿಸಿ ನಡುವೆ ಒಂದು ಆಪ್‌ಆಂಪ್ ಬಫರ್ (ವೋಲ್ಟೇಜನ್ನು ಎಳೆಯದೆ ಹಾಗೇ ದಾಟಿಸುವ ಚಿಪ್) ಹಾಕುತ್ತಿದ್ದೆ. ಚಾರ್ಜಿಂಗಿನಲ್ಲಿ 14.4 ಮುಟ್ಟಿದರೂ ಎಡಿಸಿಗೆ ಹೋಗೋದು 3.35, ರೇಂಜಿನೊಳಗೇ. ಬೋರ್ಡಿಗೆ 5 ವೋಲ್ಟ್ ಕೊಟ್ಟಿರುವುದರಿಂದ ಚಿಪ್ಪಿಗೂ ತೊಂದರೆ ಇಲ್ಲ.

ಈಗ ಮಲ್ಟಿಮೀಟರ್ 12.61, ಎಲ್‌ಸಿಡಿ 12.59. ಪ್ರೋಬ್ ಮುಟ್ಟಿಸಿದರೆ ನಡುವಿನ ವೋಲ್ಟೇಜು ಎರಡು ಮಿಲಿವೋಲ್ಟ್ ಇಳಿಯುತ್ತದೆ, ಅಷ್ಟೇ. ಗುಣಿಸುವ ಅಂಕಿಯನ್ನು 4.300ರಿಂದ 4.307 ಮಾಡಿದೆ, ಎರಡೂ ಒಂದಾದವು.

ರಾತ್ರಿ ಎಂಟಕ್ಕೆ ಕರೆಂಟ್ ಹೋಯಿತು. ಎರಡು ಫ್ಯಾನ್, ನಾಲ್ಕು ಬಲ್ಬು. ಅಂಕಿ ಥಟ್ಟನೆ ಕೆಳಗಿಳಿದು, ಆಮೇಲೆ ನಿಧಾನವಾಗಿ ಒಂದೊಂದೇ ಪಾಯಿಂಟ್ ಇಳಿಯುತ್ತಾ ಹೋಯಿತು. ಕುರ್ಚಿ ಎಳೆದುಕೊಂಡು ಕರೆಂಟ್ ಬರುವವರೆಗೂ ನೋಡುತ್ತಾ ಕೂತಿದ್ದೆ.